ಖಾನಾಪುರದ ಕೊಸರು

ದಾವಣಗೆರೆಯಿಂದ ಬೆಳಗಾವಿಯವರೆಗೆ ನಾನು ಒಂದು ರೂಪಾಯಿಯೂ ಕೊಡದೆ ಹೋದೆ. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ಹೆಂಗಸರಿಗೆ ಕೊಡುವ, ಶೂನ್ಯ ಎಂದು ಅಚ್ಚಾದ ಉಚಿತ ಚೀಟಿ ಹರಿದುಕೊಟ್ಟರು, ಅಷ್ಟೆ. ಹಿಂದಿನ ಸೀಟಿನ ಯಜಮಾನರೊಬ್ಬರಿಗೆ ಇದು ಸಹಿಸಲಿಲ್ಲ. "ನಮ್ಮ ಟಿಕೆಟ್ಟಿನಲ್ಲೇ ನಿಮ್ಮದೂ ಸೇರಿದೆ ಬಿಡಿ" ಎಂದು ರಾಣೆಬೆನ್ನೂರಿನಲ್ಲಿ ಒಮ್ಮೆ, ಹಾವೇರಿಯಲ್ಲಿ ಒಮ್ಮೆ ಹೇಳಿದರು. ಹುಬ್ಬಳ್ಳಿಯಲ್ಲಿ ಅವರಿಗೆ ಒಂದು ಚಹಾ ಕುಡಿಸಿದೆ. ಅಲ್ಲಿಂದ ಧಾರವಾಡದವರೆಗೆ ನಿದ್ದೆ ಮಾಡಿದರು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಸರ್ಕಾರದ ನೀತಿ, ಮಾರುಕಟ್ಟೆ, ಆರ್ಥಿಕ ಬೆಳವಣಿಗೆ ಎಂದು ವರ್ಷವೂ ಬೋರ್ಡಿನ ಮೇಲೆ ಎರಡು ಗೆರೆಗಳನ್ನು ಅಡ್ಡಡ್ಡ ಎಳೆದು, ಅವು ಕೂಡುವ ಕಡೆ ಒಂದು ಚುಕ್ಕೆ ಇಟ್ಟು, ಸೀಮೆಸುಣ್ಣ ಕೊಡವಿಕೊಂಡು ಮನೆಗೆ ಬರುತ್ತೇನೆ. ಹಾಸ್ಟೆಲಿನ ಕಾಲದ ಗೆಳತಿ ಗಂಗಕ್ಕ ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದಾಳೆ. ಫೆಬ್ರುವರಿಯಲ್ಲಿ ಅವಳ ಫೋನ್ ಬಂತು. "ಏ ಸಾವಿತ್ರಿ, ನೀ ಬೋರ್ಡಿನ ಮ್ಯಾಲ ಗೀಚೂದೆಲ್ಲಾ ಇಲ್ಲಿ ಖಾನಾಪುರದಾಗ ಮಣ್ಣಿನ್ಯಾಗ ನಡದೈತಿ. ಬಂದು ಒಮ್ಮಿ ಕಣ್ಣೀಲೆ ನೋಡ್ಕೊಂಡ್ ಹೋಗ" ಎಂದಳು. ಮೂರು ದಿನ ರಜೆ ಹಾಕಿದೆ.

ಕಿತ್ತೂರು ದಾಟುತ್ತಿದ್ದಂತೆ ಗಾಳಿ ಬದಲಾಯಿತು. ಬೆಳಗಾವಿಯಲ್ಲಿ ಇಳಿದಾಗ ಸಂಜೆಯ ಚಳಿಗೆ ಸೆರಗು ಹೊದ್ದುಕೊಳ್ಳಬೇಕಾಯಿತು. ಆಟೋದವನು ಮಹಾಂತೇಶ ನಗರಕ್ಕೆ ನೂರು ರೂಪಾಯಿ ಕೇಳಿದ. ನಾನು ಎಂಬತ್ತು ಎಂದೆ. "ಬಸ್ಸಿನ್ಯಾಗ ಫುಕಟ್ ಬಂದೀರಿ, ನನಗರ ಪೂರಾ ಕೊಡ್ರಿ" ಎಂದು ನಕ್ಕ. ಅವನು ಹೇಳಿದ್ದು ನ್ಯಾಯ ಅನ್ನಿಸಿ ನೂರೇ ಕೊಟ್ಟೆ. ಗಂಗಕ್ಕನ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಝುಣಕ, ಬೆಳ್ಳುಳ್ಳಿ ಚಟ್ನಿ ಕಾದಿದ್ದವು. ಊಟ ಮಾಡುತ್ತಲೇ ಅವಳು ಸುಶೀಲಾಳ ವಿಷಯ ಹೇಳಿದಳು. ಖಾನಾಪುರದ ಹತ್ತಿರದ ಕುಂಬಾರರ ಮನೆಯ ಸೊಸೆ. ಬೇಸಿಗೆಯಲ್ಲಿ ನೀರಿನ ಮಡಕೆ ಹೊತ್ತು ಇವರ ಓಣಿಗೆ ಬರುತ್ತಿದ್ದವಳು. ವ್ಯಾಪಾರ ಬತ್ತಿದ ಮೇಲೆ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ಈಗ ಅದನ್ನು ಬಿಟ್ಟು ಮತ್ತೆ ಮಣ್ಣಿಗೆ ಕೈ ಹಾಕಿದ್ದಾಳೆ. "ನಾಳೆ ಅಕಿ ಭಟ್ಟಿ ತೆಗಿತಾಳ. ನಾ ಹೇಳೂದಿಲ್ಲ, ನೀನ ನೋಡ" ಎಂದಳು ಗಂಗಕ್ಕ. ಅವಳ ಮೊಣಕಾಲು ನೋವಿನ ಕಾರಣ ನಾನೊಬ್ಬಳೇ ಹೋಗುವುದೆಂದಾಯಿತು.

ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ದೂರ ಇಪ್ಪತ್ತೈದು ಕಿಲೋಮೀಟರಿನ ಮೇಲೆ ಸ್ವಲ್ಪ. ಬಸ್ಸೋ, ಕಾಲಿಡಲು ಜಾಗವಿಲ್ಲ. ತುಂಬ ಹೆಂಗಸರು. ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿದವರು, ಊಟದ ಡಬ್ಬಿಯ ಚೀಲ ಹಿಡಿದವರು, ಮೊಬೈಲಿನಲ್ಲಿ ಮರಾಠಿಯಲ್ಲಿ ಗಂಡನಿಗೆ ಗದರಿಸುತ್ತ ಕಂಡಕ್ಟರನಿಗೆ ಕನ್ನಡದಲ್ಲಿ ಉತ್ತರ ಕೊಡುವವರು. ಕಂಡಕ್ಟರನ ಯಂತ್ರ ಉಸಿರು ಬಿಡದೆ ಶೂನ್ಯ ಚೀಟಿ ಕಾರುತ್ತಿತ್ತು. ಮಚ್ಛೆ ಬಂದಾಗ ಬಸ್ಸು ಅರ್ಧಕ್ಕರ್ಧ ಖಾಲಿಯಾಯಿತು. ಸಾಲು ಸಾಲಾಗಿ ಇಳಿದ ಹೆಂಗಸರು ಕಾರ್ಖಾನೆಗಳ ಗೇಟುಗಳ ಕಡೆ ನಡೆದರು. ಎರಡು ಫೌಂಡ್ರಿಗಳ ನಡುವಿನಿಂದ ಹೊಗೆ ಏಳುತ್ತಿತ್ತು, ಸೂರ್ಯ ಇನ್ನೂ ಕೆಂಪಗಿದ್ದ. ನಾನು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದೆ. ಯಾವುದೋ ಕೋಣೆಯಲ್ಲಿ ಯಾರೋ ಒಂದು ಆದೇಶಕ್ಕೆ ಸಹಿ ಹಾಕಿದರು, ಇಲ್ಲಿ ಇಷ್ಟು ಜನ ಬೆಳಗಾಗುತ್ತಲೇ ಮನೆಯ ಹೊಸ್ತಿಲು ದಾಟಿದರು. ಆ ನೋಟಕ್ಕೆ ಮೈ ಜುಮ್ಮೆಂದದ್ದು ನಿಜ.

"ಮೊದಲು ಇಷ್ಟು ಮಂದಿ ಬರ್ತಿದ್ರೇನ್ರೀ?" ಎಂದು ಕಂಡಕ್ಟರನನ್ನು ಕೇಳಿದೆ.

"ಎಲ್ಲೀದು ಅಕ್ಕಾರ. ಪಗಾರದಾಗ ಬಸ್ಸಿಗೇ ಅಷ್ಟು ಹೊಂಟ್ರ ಮನ್ಯಾಗ ಕುಂತಿದ್ದs ಪಾಡ ಅಂತಿದ್ರು. ಈಗ ನನಗ ನಿಂದರಾಕ ಜಾಗಾ ಇಲ್ಲ ನೋಡ್ರಿ" ಎಂದ. ದೂರುತ್ತಿದ್ದನೋ ಹೆಮ್ಮೆ ಪಡುತ್ತಿದ್ದನೋ ತಿಳಿಯಲಿಲ್ಲ. ಎರಡೂ ಇರಬಹುದು.

ಖಾನಾಪುರದಲ್ಲಿ ಇಳಿದು ಒಂದು ಮಿಸಳ್ ತಿಂದೆ. ಖಾರಕ್ಕೆ ಕಿವಿಯಲ್ಲಿ ಹೊಗೆ ಬಂತು. ಸುಶೀಲಾ ಸ್ಟ್ಯಾಂಡಿಗೇ ಬಂದಿದ್ದಳು. ಮೂವತ್ತೈದರ ಆಸುಪಾಸು, ಮಾತಿಗಿಂತ ಕಾಲು ಚುರುಕು. ಮಲಪ್ರಭೆಯ ಸೇತುವೆ ದಾಟಿ, ಹಾಳುಬಿದ್ದ ಹಂಚಿನ ಕಾರ್ಖಾನೆಯೊಂದರ ಪಕ್ಕದಿಂದ ನಡೆದೆವು. ಚಿಮಣಿ ಮಾತ್ರ ನಿಂತಿತ್ತು, ಒಳಗೆ ಗಿಡಗಂಟಿ ಬೆಳೆದಿತ್ತು. ಇಲ್ಲಿಯ ಮಣ್ಣು ಹಂಚಿಗೆ, ಇಟ್ಟಿಗೆಗೆ, ಮಡಕೆಗೆ ಹೆಸರಾದದ್ದು. ಮನೆಗಳಿಗೆ ಸಿಮೆಂಟಿನ ಸ್ಲ್ಯಾಬ್ ಬಂತು, ಹಂಚು ಕೇಳುವವರಿಲ್ಲದಾಯಿತು. ಪ್ಲಾಸ್ಟಿಕ್ ಕೊಡ ಬಂತು, ಮಡಕೆಯೂ ಹೋಯಿತು. ಯಾರೂ ಕಾರ್ಖಾನೆಯನ್ನು ಮುಚ್ಚಿ ಎಂದು ಹೇಳಲಿಲ್ಲ. ಗಿರಾಕಿ ಇನ್ನೊಂದು ಅಂಗಡಿಗೆ ಹೋದ, ಅಷ್ಟೆ. ಆ ಚಿಮಣಿಯ ಕೆಳಗೆ ನಿಂತು ಕತ್ತೆತ್ತಿ ನೋಡಿದಾಗ ಮಾರುಕಟ್ಟೆ ಎಂಬುದರ ಬಗ್ಗೆ ನನಗೆ ಒಂದು ಬಗೆಯ ಭಯವೇ ಆಯಿತು.

ಸುಶೀಲಾಳ ಅಂಗಳದಲ್ಲಿ ಅವಳ ಅತ್ತೆ ಯಲ್ಲೂಬಾಯಿ ತಿಗರಿಯ ಮುಂದೆ ಕೂತಿದ್ದರು. ತಿಗರಿ ಎಂದರೆ ಮಡಕೆ ತಿರುಗಿಸುವ ಚಕ್ರ. ಇದು ವಿದ್ಯುತ್ತಿನದು, ಸರ್ಕಾರದ ಯೋಜನೆಯಲ್ಲಿ ತರಬೇತಿಯ ಜೊತೆಗೆ ಹೆಂಗಸರ ಸಂಘಕ್ಕೆ ಕೊಟ್ಟದ್ದು. ಅರವತ್ತು ದಾಟಿದ ಆ ಹೆಂಗಸು ಮಣ್ಣಿನ ಮುದ್ದೆಯ ಮೇಲೆ ಎರಡು ಹೆಬ್ಬೆರಳು ಇಟ್ಟರು, ಅದು ಹೂವಿನಂತೆ ಬಾಯಿ ಬಿಟ್ಟಿತು. ನಾನು ಬಾಯಿ ತೆರೆದು ನಿಂತೆ.

"ಎಷ್ಟು ವರ್ಷದಿಂದ ಮಾಡ್ತೀರಿ ಅಮ್ಮಾ?" ಎಂದೆ.

"ತಿಗರಿ ಮ್ಯಾಲೇನು? ಹ್ವಾದ ವರ್ಷ ಮಳೆಗಾಲದಾಗ ಕುಂತೀನಿ" ಎಂದರು ಯಲ್ಲೂಬಾಯಿ. "ನಮ್ಮಾಗ ಹೆಣಮಕ್ಕಳು ತಿಗರಿ ಮುಟ್ಟೂ ಪದ್ಧತಿ ಇಲ್ಲವ್ವಾ. ಮಣ್ಣು ತುಳಿಯೂದು ನಮ್ಮದು, ಬುಟ್ಟಿ ಹೊರೂದು ನಮ್ಮದು, ಸಂತ್ಯಾಗ ಕುಂದರೂದು ನಮ್ಮದು. ತಿಗರಿ ಮಾತ್ರ ಅವರದು. ಬಾಜೂಕ ಕುಂತು ಜನ್ಮಾ ಪೂರಾ ನೋಡೀನಿ. ಇದು ಕರಂಟಿಂದು ಬಂತು. ಇದಕ್ಕ ಗಂಡಸು ಹೆಂಗಸು ಅಂತ ಯಾರೂ ಹೇಳಿಲ್ಲಲ್ಲ."

ಊರಿನ ಹಿರಿಯರು ಏನೆಂದರು ಎಂದು ಕೇಳಿದ್ದಕ್ಕೆ, "ಏನಂತಾರ? ಸರ್ಕಾರದವ್ರು ಕುಂದರ್ರಿ ಅಂದ್ರು, ಕುಂತ್ನಿ ಅಂದೆ" ಎಂದು ಮತ್ತೊಂದು ಮುದ್ದೆ ಎತ್ತಿಕೊಂಡರು. ತಲೆಮಾರುಗಳ ಕಟ್ಟಳೆಯೊಂದನ್ನು ಒಂದು ಮೋಟಾರು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿತ್ತು. ಯೋಜನೆ ಬರೆದವರಿಗೆ ಇದು ಹೊಳೆದಿತ್ತೋ ಇಲ್ಲವೋ.

ಮಧ್ಯಾಹ್ನದ ಹೊತ್ತಿಗೆ ಮಡಕೆ ಸುಡುವ ಭಟ್ಟಿ ತೆರೆದರು. ಮೇಲಿನ ಬೂದಿ, ಒಡೆದ ಮಡಕೆಯ ಬೋಕಿಗಳನ್ನು ಸರಿಸುತ್ತ ಹೋದಂತೆ ಕೆಂಪು ಬಣ್ಣ ಕಾಣತೊಡಗಿತು. ಚಹಾ ಕುಡಿಯುವ ಮಣ್ಣಿನ ಕಪ್‌ಗಳು, ಒಂದರ ಮೇಲೊಂದು, ಸಾಲು ಸಾಲು. ಸಂಘದ ಹೆಂಗಸರು ಒಂದೊಂದನ್ನೂ ಎತ್ತಿ ಉಗುರಿನಿಂದ ತಟ್ಟಿ ನೋಡುತ್ತಿದ್ದರು. ಬಿರುಕಿಲ್ಲದ್ದು ಟಣ್ ಎನ್ನುತ್ತಿತ್ತು. ಯಲ್ಲೂಬಾಯಿಯ ಮುಖ ಆಗ ನೋಡಬೇಕಿತ್ತು. ಕೈಯಲ್ಲಿ ಬಿಸಿ ಕಪ್ ಹಿಡಿದು, "ಖರೇ, ಎಲ್ಲಾ ಬರೋಬ್ಬರಿ ಬಂದಾವು" ಎಂದು ಒಬ್ಬೊಬ್ಬರಿಗೂ ತೋರಿಸುತ್ತಿದ್ದರು. ನಾನೂ ಎಲ್ಲರಂತೆ ತಟ್ಟಿದೆ, ಎಲ್ಲರಂತೆ ಖುಷಿಪಟ್ಟೆ. ಸುಶೀಲಾ ಒಬ್ಬಳೇ ನಗಲಿಲ್ಲ.

ಊಟಕ್ಕೆ ಅಕ್ಕಿ ರೊಟ್ಟಿ, ಕೋಕಂ ಹುಳಿಯ ಸಾರು. ಆಮೇಲೆ ನಂದಗಡದ ಸಂತೆಗೆ ಹೊರಟೆವು, ನಾನು, ಸುಶೀಲಾ ಮತ್ತು ಒಂದು ಬುಟ್ಟಿ ಗಡಿಗೆ. ಬಸ್ಸಿನಲ್ಲಿ ನಮ್ಮಿಬ್ಬರಿಗೂ ಶೂನ್ಯ ಚೀಟಿ, ಬುಟ್ಟಿಗೆ ಲಗೇಜಿನ ದುಡ್ಡು. ಮನುಷ್ಯರು ಪುಕ್ಕಟೆ, ಮಡಕೆಗೆ ಟಿಕೆಟ್ಟು ಎಂದು ನಾನು ನಕ್ಕೆ. ಆಗ ಅವಳು ವಿಷಯ ಹೇಳಿದಳು.

ಅಂಗಡಿಗಳಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ದಂಡ ಹಾಕತೊಡಗಿದ ಮೇಲೆ, ಹೆದ್ದಾರಿಯಲ್ಲಿ ಸಾಲು ಚಹಾದಂಗಡಿಗಳಿರುವ ಒಂದು ಕಂಪನಿ ಮಣ್ಣಿನ ಕಪ್ ಹುಡುಕಿಕೊಂಡು ಇವರ ಸಂಘಕ್ಕೆ ಬಂದಿತ್ತು. ಒಂದು ಮಾದರಿ ಕಪ್ ಕೊಟ್ಟು, ಇದೇ ಅಳತೆಯಲ್ಲಿ ಬೇಕು ಎಂದಿತ್ತು. ಆ ಆರ್ಡರ್ ನಂಬಿಯೇ ಸುಶೀಲಾ ಮಚ್ಛೆಯ ಕೆಲಸ ಬಿಟ್ಟದ್ದು. ಆದರೆ ಯಲ್ಲೂಬಾಯಿಗೆ ಆ ಮಾದರಿ ಕಂಡು ನಗು. ಮನೆಗೆ ಬಂದವರಿಗೆ ಇಷ್ಟೇ ಚಹಾ ಕೊಟ್ಟರೆ ಏನೆಂದಾರು ಎಂದು, ಕೈಯಳತೆಯಲ್ಲಿ ಅದರ ಒಂದೂವರೆಯಷ್ಟು ಮಾಡುತ್ತ ಹೋದರು. ದರ ಅದೇ, ಕಪ್ ದೊಡ್ಡದು, ತಗೊಳ್ಳುವವನು ಬೇಡ ಅನ್ನುತ್ತಾನೆಯೇ ಎಂದು ಸುಶೀಲಾಳೂ ಸುಮ್ಮನಿದ್ದಳು. ಅಳತೆ ಸರಿಯಿಲ್ಲವೆಂದು ಮೊದಲ ಭಟ್ಟಿಯ ಮಾಲು ಹಿಂದಕ್ಕೆ ಬಂದಿತ್ತು. ಅಷ್ಟು ಹೊತ್ತಿಗೆ ಎರಡನೆಯದಕ್ಕೂ ಕಪ್‌ಗಳು ಒಣಗಿ ನಿಂತಿದ್ದವು, ಇವತ್ತು ತೆರೆದದ್ದು ಅದೇ.

"ನಿಮ್ಮ ಅತ್ತೆಗೆ ಗೊತ್ತೈತೇನು?" ಎಂದು ಕೇಳಿದೆ.

"ಹೆಂಗ ಹೇಳ್ಲಿ ಮೇಡಮ್‌ರ? ಅಕಿ ಜನ್ಮದಾಗ ಮೊದಲ್ನೇ ಸರ್ತಿ ತಿಗರಿ ಮ್ಯಾಲ ಕುಂತಾಳ. ಹಿಂದಕ್ಕ ಬಂದ ಮಾಲು ಸಂಘದ ಖೋಲ್ಯಾಗ ಇಟ್ಟು ಕೀಲಿ ಹಾಕೀನಿ. ಮಾರಿ ಹೋಗೇತಿ ಅಂತ ಅಕಿಗೆ ಹೇಳೀನಿ" ಎಂದಳು ಸುಶೀಲಾ. "ನಾಳೆ ಮಚ್ಛೆದಾಗಿನ ಕಂಪನಿ ಗೋದಾಮಿಗೆ ಹೋಗಿ ಇನ್ನೊಮ್ಮಿ ಕೇಳತೀನಿ. ಅವ್ರು ಒಲ್ಲೆ ಅಂದ್ರ ನಾ ಮತ್ತ ಪ್ಯಾಕಿಂಗ್ ಕೆಲಸಕ್ಕ ಹೋಗಬೇಕಾಕ್ಕೈತಿ. ಅಕಿ ಒಬ್ಬಾಕಿ ಮಣ್ಣು ತಂದು, ಹದಾ ಮಾಡಿ, ಭಟ್ಟಿ ಹಾಕಾಕ ಆಗೂದಿಲ್ಲ. ತಿಗರಿ ನಿಂದರತೈತಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನೆನಪಾಯಿತು.

ನಂದಗಡದ ಸಂತೆ ಭರ್ತಿ ನಡೆದಿತ್ತು. ಗೆಣಸು, ಒಣಮೆಣಸಿನಕಾಯಿ, ಕುಡುಗೋಲು, ಬಿದಿರಿನ ಮೊರ. ಸುಶೀಲಾಳ ಮುಂದೆ ಒಬ್ಬ ಅಜ್ಜಿ ಅರ್ಧ ತಾಸು ಚೌಕಾಸಿ ಮಾಡಿ ಎರಡು ಗಡಿಗೆ ಕೊಂಡರು. ದುಡ್ಡು ಕೊಟ್ಟ ಮೇಲೂ ಜಾಗ ಬಿಟ್ಟು ಏಳಲಿಲ್ಲ. "ಕೊಸರು?" ಎಂದರು. ಸುಶೀಲಾ ಒಂದು ಸಣ್ಣ ಹಣತೆ ತೆಗೆದು ಗಡಿಗೆಯೊಳಗೆ ಹಾಕಿದಳು. ಅಜ್ಜಿ ಎದ್ದರು. ಪಕ್ಕದ ಮೆಣಸಿನಕಾಯಿಯವನೂ ತೂಗಿದ ಮೇಲೆ ಒಂದು ಹಿಡಿ ಎಸೆಯುತ್ತಿದ್ದ. ನಮ್ಮ ಕಡೆಯೂ ಕೊಸರು ಉಂಟು. ಇಲ್ಲಿ ಮಾತ್ರ ಅದಿಲ್ಲದೆ ವ್ಯಾಪಾರ ಮುಗಿದಂತೆಯೇ ಅಲ್ಲ. ಯಲ್ಲೂಬಾಯಿ ಮಾಡಿದ ತಪ್ಪು ನನಗೆ ಆಗ ತಿಳಿಯಿತು. ಜೀವಮಾನವೆಲ್ಲ ಸಂತೆಯಲ್ಲಿ ಕೂತ ಆ ಹೆಂಗಸು ಕೊಸರನ್ನು ಕಪ್ಪಿನೊಳಗೇ ಸೇರಿಸಿ ಸುಟ್ಟಿದ್ದರು.

ರಾತ್ರಿ ಸುಶೀಲಾಳ ಮನೆಯಲ್ಲೇ ಉಳಿದು, ಮೂರನೆಯ ದಿನ ಬೆಳಿಗ್ಗೆ ಒಂದು ಬುಟ್ಟಿ ಕಪ್ ಹೊತ್ತು ಇಬ್ಬರೂ ಮಚ್ಛೆಯಲ್ಲಿ ಇಳಿದೆವು. ಕಂಪನಿಯ ಗೋದಾಮಿನ ಮ್ಯಾನೇಜರ್ ಕೆಟ್ಟವರೇನಲ್ಲ. "ಬರ್ರಿ, ಕುಂದರ್ರಿ" ಎಂದು ಕುರ್ಚಿ ಎಳೆದು, ಚಹಾ ತರಿಸಿದರು. ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಕಪ್ ದೊಡ್ಡದಾದರೆ ನಿಮಗೆ ಲಾಭವಲ್ಲವೇ ಎಂದು ಕೇಳಿಯೇಬಿಟ್ಟೆ.

ಅವರು ಮೂಲೆಯಲ್ಲಿದ್ದ ಚಹಾ ಯಂತ್ರದ ಕೆಳಗೆ ಮೊದಲು ತಮ್ಮ ಸಣ್ಣ ಕಪ್ ಇಟ್ಟು ಗುಂಡಿ ಒತ್ತಿದರು. ಕಂಠದವರೆಗೆ ತುಂಬಿತು. ಆಮೇಲೆ ಯಲ್ಲೂಬಾಯಿಯ ಕಪ್ ಇಟ್ಟು ಒತ್ತಿದರು. ಅಷ್ಟೇ ಚಹಾ ಬಿತ್ತು, ಅರ್ಧದ ಮೇಲೆ ಸ್ವಲ್ಪ.

"ನೋಡ್ರಿ ಮೇಡಮ್, ಮಷೀನಿಗೆ ಒಂದs ಅಳತಿ ಗೊತ್ತು. ಇದನ್ನ ಕೊಟ್ರ ಗಿರಾಕಿ ಮೋಸಾ ಮಾಡ್ಯಾರ ಅಂತಾನ. ಇಷ್ಟು ಚೊಲೋ ಕಪ್ ಐತಿ, ಆದ್ರ ಇದರಾಗ ನಮ್ಮ ಚಾ ಕಡಿಮಿ ಕಾಣತೈತಿ. ಸಣ್ಣವು ಮಾಡಿ ತರ್ರಿ ಸುಶೀಲಾಬಾಯಿ, ನಾಳೆನs ತಗೋತೀನಿ" ಎಂದರು.

ಎರಡು ಕಪ್‌ಗಳೂ ಮೇಜಿನ ಮೇಲೆ ಪಕ್ಕಪಕ್ಕ ಹೊಗೆಯಾಡುತ್ತಿದ್ದವು. ಹೆಚ್ಚು ಕೊಟ್ಟದ್ದೇ ಕಡಿಮೆಯಾಗಿ ಕಾಣುತ್ತಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದವಳಿಗೆ ಇಂಥದೊಂದು ಇದೆ ಎಂದು ಹೊಳೆದಿರಲಿಲ್ಲ. ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ಮ್ಯಾನೇಜರ್ ಹೇಳಿದ್ದು ಸರಿ, ಯಲ್ಲೂಬಾಯಿ ಮಾಡಿದ್ದೂ ಸರಿ.

ಹೊರಗೆ ಬಂದು ಬಸ್ಸಿಗೆ ನಿಂತೆವು. ಎದುರಿನ ಗೇಟು ತಾನು ಮೊದಲು ಕೆಲಸ ಮಾಡುತ್ತಿದ್ದ ಕಾರ್ಖಾನೆಯದು ಎಂದು ಸುಶೀಲಾ ತೋರಿಸಿದಳು. ಸಣ್ಣ ಕಪ್ ಮಾಡಿಸಬಾರದೇಕೆ ಎಂದು ಕೇಳಿದೆ. "ಮಾಡಬಹುದು. ಆದ್ರ ಈ ಎರಡು ಭಟ್ಟಿ ಮಾಲು? ಮಣ್ಣು, ಕಟಗಿ, ಸಂಘದವ್ರ ಕೂಲಿ, ಎಲ್ಲಾ ಇದರಾಗ ಹ್ವಾತು. ಸಂಘದವ್ರು ಇನ್ನೊಂದ ಸರ್ತಿ ಕೈ ಹಾಕಾಕ ಒಲ್ಲೆ ಅಂತಾರ. ಮತ್ತ ನಮ್ಮತ್ತಿ ಮುಂದ ನೀವು ಮಾಡಿದ್ದು ನಡಿಲಿಲ್ಲ ಅಂತ ಹೆಂಗ ಹೇಳೂದು" ಎಂದಳು. ಗೇಟಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ನನಗೆ ಸಂಜೆ ದಾವಣಗೆರೆಯ ಬಸ್ಸು. ಅವಳನ್ನು ಅಲ್ಲಿಯೇ ಬಿಟ್ಟು ಹೋಗಲು ಮನಸ್ಸಾಗದೆ, ಬೆಳಗಾವಿಗೆ ಬಾ, ಗಂಗಕ್ಕನಲ್ಲಿ ಊಟ ಮಾಡಿಕೊಂಡು ಹೋಗುವೆಯಂತೆ ಎಂದೆ. ಬುಟ್ಟಿಗೆ ಮತ್ತೆ ಲಗೇಜು ಕೊಟ್ಟೆವು.

ಖಡೇಬಜಾರಿನಲ್ಲಿ ಕುಂದಾ ಕೊಳ್ಳಬೇಕಿತ್ತು. ಬೆಳಗಾವಿಗೆ ಹೋಗಿ ಕುಂದಾ ಇಲ್ಲದೆ ಬಂದರೆ ನಮ್ಮ ಸ್ಟಾಫ್ ರೂಮಿನೊಳಗೆ ಬಿಡುವುದಿಲ್ಲ. ಹಳೆಯ ಅಂಗಡಿ, ಹಾಲು ಕಾದು ಕೆಂಪಾಗುವ ವಾಸನೆ ಬೀದಿಯವರೆಗೂ ಬರುತ್ತಿತ್ತು. ದಪ್ಪ ಕನ್ನಡಕದ ಮಾಲೀಕರು ಕುಂದಾವನ್ನು ಕಾಗದದ ಡಬ್ಬಿಗೆ ತುಂಬುತ್ತ ಗೊಣಗುತ್ತಿದ್ದರು. ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ಪಾಲಿಕೆಯವರು ಬಂದು ಎತ್ತಿಕೊಂಡು ಹೋಗುತ್ತಾರೆ, ಕಾಗದದ್ದಕ್ಕೆ ತುಪ್ಪ ಇಳಿದು ತಳ ನೆನೆಯುತ್ತದೆ, ದೂರ ಹೋಗುವವರು ಬೈಯುತ್ತಾರೆ ಎಂದು. ನಾನು ಹೂಂಗುಟ್ಟುತ್ತ ನಿಂತಿದ್ದೆ. ಸುಶೀಲಾ ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಒಂದು ಕಪ್ ಒರೆಸಿ ಕಟ್ಟೆಯ ಮೇಲಿಟ್ಟಳು.

"ಮಾಲಕರ, ಇದರಾಗ ಹಾಕಿ ನೋಡ್ರಿ."

ಅವರು ಅವಳನ್ನೊಮ್ಮೆ, ಕಪ್ಪನ್ನೊಮ್ಮೆ ನೋಡಿದರು. ಖಾಲಿ ಕಪ್ ತಕ್ಕಡಿಯ ಮೇಲಿಟ್ಟು ತೂಕ ಕಳೆದರು, ಆಮೇಲೆ ಚಮಚದಿಂದ ತುಂಬಿದರು. ಮೇಲೆ ಚೂರು ಗುಡ್ಡೆಯಾದಾಗ ಕಾಲು ಕಿಲೋ ಬಂತು. ಕೆಂಪು ಮಣ್ಣಿನ ಅಂಚಿನ ಮೇಲೆ ಕಂದು ಬಣ್ಣದ ಕುಂದಾ ಉಬ್ಬಿ ನಿಂತಿತ್ತು. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು, "ನನಗೂ ಅದರಾಗs ಕೊಡ್ರಿ" ಎಂದಳು.

ಅಷ್ಟರಲ್ಲೇ ಎಲ್ಲ ಆಗಿಹೋಯಿತು ಎಂದಲ್ಲ. ಮಾಲೀಕರು ಹಳೆಯ ವ್ಯಾಪಾರಿ. ತುಪ್ಪ ಹೀರುತ್ತದೆಯೇ ಎಂದು ಒಂದು ಕಪ್ಪನ್ನು ಬಿಸಿಲಿಗೆ ಇಟ್ಟು ನಮ್ಮನ್ನು ಒಂದು ತಾಸು ಕೂರಿಸಿದರು. ಇದಕ್ಕಿಂತ ಸಣ್ಣದಿದ್ದರೆ ಚಮಚವೇ ಹೋಗುತ್ತಿರಲಿಲ್ಲ ಎಂದರು. ಮುಚ್ಚಳ ಬೇಕು ಎಂದರು. ಕಂಪನಿ ಒಪ್ಪಿದ್ದ ದರಕ್ಕಿಂತ ಕಡಿಮೆ ಹೇಳಿದರು. ಸುಶೀಲಾ ಬುಟ್ಟಿಗೆ ಕೈ ಹಾಕಿ ಎತ್ತುವವಳಂತೆ ಮಾಡಿದಳು. ಅವರು ಅಷ್ಟೇ ದರಕ್ಕೆ ಬಂದರು. ಸಂತೆಯಲ್ಲಿ ಕೂತವಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಈ ಬುಟ್ಟಿ ಇವತ್ತಿಗೆ, ಮುಚ್ಚಿಟ್ಟ ಮಾಲೂ ನಿನ್ನೆಯ ಭಟ್ಟಿಯದೂ ಈ ವಾರದೊಳಗೆ, ನಡೆದರೆ ಯುಗಾದಿಗೆ ಮುಚ್ಚಳದ ಜೊತೆ ಇನ್ನೊಂದು ಭಟ್ಟಿ ಎಂದು ಮಾತಾಯಿತು. ಪ್ಲಾಸ್ಟಿಕ್ ಬೇಡ ಎಂದ ಒಂದು ನಿಯಮ ಹೆದ್ದಾರಿಯ ಚಹಾದಂಗಡಿಯಿಂದ ಹೊರಟು, ಯಂತ್ರವೊಂದರ ಅಳತೆಗೆ ಡಿಕ್ಕಿ ಹೊಡೆದು, ಯಾರೂ ಎಣಿಸದ ಓಣಿಯೊಳಗೆ ಹೊಕ್ಕು ಕುಂದಾದ ಕಟ್ಟೆಯ ಮೇಲೆ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ರುಚಿ ನೋಡಲು ಮಾಲೀಕರು ಕೈಗಿಟ್ಟ ಕುಂದಾ ತಿನ್ನುವುದು ಮರೆತಿದ್ದೆ.

ಸುಶೀಲಾ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿದಳು. ಆ ಕಡೆ ಯಲ್ಲೂಬಾಯಿ ದೊಡ್ಡ ದನಿಯಲ್ಲಿ ಮಾತಾಡುವವರು, ನನಗೂ ಕೇಳಿಸುತ್ತಿತ್ತು.

"ಅತ್ತಿ, ಕಪ್ ಎಲ್ಲಾ ಹ್ವಾದವು. ಬೆಳಗಾವ್ಯಾಗ ಕುಂದಾದವ್ರು ತಗೊಂಡಾರ. ಇನ್ನೂ ಬೇಕಂತ."

ಆ ಕಡೆ ತಿಗರಿಯ ಗುಂಯ್ ಸದ್ದು ನಿಂತಿತು.

"ಖೋಲ್ಯಾಗ ಕೀಲಿ ಹಾಕಿಟ್ಟಿದ್ದೂನೂ ತಗೋತಾರೇನು?"

ಸುಶೀಲಾ ನನ್ನ ಮುಖ ನೋಡಿದಳು. "ಹೂನ್ರಿ ಅತ್ತಿ, ಅದೂ" ಎಂದಳು.

"ನಿನ್ನಿ ನೀವು ಸಂತಿಗೆ ಹ್ವಾದಾಗ ಖೋಲಿ ಕಿಡಕ್ಯಾಗ ಕಂಡ್ನಿ. ಮುಂಜಾನಿಂದ ಸಣ್ಣವು ಮಾಡೂದು ರೂಢಿ ಮಾಡ್ಕೊಳ್ಳಾಕ ಹತ್ತೀನಿ. ಕೈ ಕೇಳವಲ್ದು" ಎಂದರು ಯಲ್ಲೂಬಾಯಿ. "ಇನ್ನ ಎಂಥಾವು ಮಾಡ್ಲಿ?"

"ನಿಮ್ಮ ಕೈಗೆ ಹೆಂಗ ಬರತಾವೋ ಹಂಗs ಮಾಡ್ರಿ" ಎಂದಳು ಸುಶೀಲಾ. ಫೋನ್ ಇಟ್ಟ ಮೇಲೆ ಮೆಟ್ಟಿಲ ಮೇಲೆಯೇ ಕೂತು, ಸೆರಗು ಮುಖಕ್ಕೆ ಹಿಡಿದು, ಬೀದಿಯ ಜನ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತಳು. ನಾನು ಅವಳ ಪಕ್ಕ ಕೂತೆ.